ಸ್ಮೆತನ ತೀರಿಕೊಂಡ ದಿನವೇ ಪ್ರಾಗ್‌ನ ಸಂಗೀತೋತ್ಸವ ಆರಂಭವಾಗುವುದೇಕೆ?

ಪ್ರಶ್ನೆ: ‘ವ್ಲ್ತವಾ’ ಎಂಬ, ನದಿಯೊಂದರ ಹೆಸರಿನ ಆರ್ಕೆಸ್ಟ್ರಾ ಕೃತಿಯನ್ನು ಕೇಳಿ ಮನಸೋತು, ಅದನ್ನು ರಚಿಸಿದ ಚೆಕ್ ಸಂಗೀತಗಾರ ಸ್ಮೆತನ ಅವರ ಬಗ್ಗೆ ಓದತೊಡಗಿದ್ದೇನೆ. ಪೂರ್ತಿ ಕಿವುಡರಾದ ಮೇಲೆ ಅವರು ಇದನ್ನು ಬರೆದರೆಂಬುದು ನಿಜವೇ? ಪ್ರಾಗ್‌ನ ದೊಡ್ಡ ಸಂಗೀತೋತ್ಸವವು ಅವರ ಹುಟ್ಟುಹಬ್ಬದ ಬದಲು ಅವರು ತೀರಿಕೊಂಡ ದಿನ ಆರಂಭವಾಗುವುದೇಕೆ? ನಾಲ್ಕರಲ್ಲಿ ಕೊನೆಗೊಳ್ಳುವ ವರ್ಷಗಳನ್ನು ‘ಚೆಕ್ ಸಂಗೀತದ ವರ್ಷ’ ಎಂದು ಆಚರಿಸುವುದಕ್ಕೆ ಕಾರಣವೇನು? ಅವರ ಸಂಗೀತವನ್ನು ಎಲ್ಲಿಂದ ಕೇಳತೊಡಗಬೇಕು?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಸುಲಭವಾದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ಬೆದ್ರಿಖ್ ಸ್ಮೆತನ ಹುಟ್ಟಿದ್ದು 1824ರ ಮಾರ್ಚ್ 2ರಂದು, ತೀರಿಕೊಂಡದ್ದು 1884ರ ಮೇ 12ರಂದು. ಯಾನಾಚೆಕ್ ಹುಟ್ಟಿದ್ದು 1854ರಲ್ಲಿ, ಯೋಸೆಫ್ ಸುಕ್ ಹುಟ್ಟಿದ್ದು 1874ರಲ್ಲಿ, ದ್ವೋರ್ಜಾಕ್ ತೀರಿಕೊಂಡದ್ದು 1904ರಲ್ಲಿ. ಹೀಗೆ ಚೆಕ್ ಸಂಗೀತದ ದೊಡ್ಡ ಹೆಸರುಗಳ ಹುಟ್ಟುಸಾವುಗಳಲ್ಲಿ ಹಲವು ನಾಲ್ಕರ ಸುತ್ತ ಗುಂಪುಗೂಡಿರುವುದರಿಂದ ಹತ್ತು ವರ್ಷಕ್ಕೊಮ್ಮೆ ಎಲ್ಲರನ್ನೂ ಒಟ್ಟಿಗೆ ನೆನೆಯುವ ಪದ್ಧತಿ ಅಲ್ಲಿ ಬೇರೂರಿದೆ. ಸ್ಮೆತನರಿಗೆ 200 ವರ್ಷ ತುಂಬಿದ 2024 ಅಂಥ ಒಂದು ವರ್ಷವಾಗಿತ್ತು. ಅಂದಹಾಗೆ, ಇಂಗ್ಲಿಷ್ ಬಾನುಲಿಗಳಲ್ಲಿ ‘ಸ್ಮೆಟಾನಾ’ ಎಂದು ನಡುವಿನ ಅಕ್ಷರವನ್ನು ಎಳೆಯುವುದುಂಟು. ಚೆಕ್ ಭಾಷೆಯಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ, ಉಳಿದವು ಹ್ರಸ್ವ. ಆ ಪದಕ್ಕೆ ಅವರ ಭಾಷೆಯಲ್ಲಿ ‘ಕೆನೆ’ ಎಂದರ್ಥ.

ಉಳಿದ ಪ್ರಶ್ನೆಗಳಿಗೆ ಉತ್ತರಿಸಬೇಕಾದರೆ ಅವರ ಬದುಕನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗುತ್ತದೆ. ಸತ್ತವರ ನೆನಪಿಗೆ ಬದುಕಿದ್ದವರು ಗುರುತು ಹಾಕಿದ ದಿನಗಳು ಮಾತ್ರ ಇಲ್ಲಿಲ್ಲ. ತಮ್ಮ ಸಂಗೀತವನ್ನು ಯಾವ ದಿನಕ್ಕಾಗಿ ಕಾದಿರಿಸಬೇಕೆಂದು ಸ್ಮೆತನ ಸ್ವತಃ ಯೋಚಿಸಿದವರು.

ಇಂದಿನ ಚೆಕ್ ದೇಶಕ್ಕೆ ಸೇರಿದ ಬೊಹೆಮಿಯಾದ ಪೂರ್ವಭಾಗದಲ್ಲಿರುವ ಲಿತೋಮಿಶ್ಲ್ ಎಂಬ ಊರಿನ ಅರಮನೆಗೆ ಸೇರಿದ ಬಿಯರ್ ಭಟ್ಟಿಯಲ್ಲಿ ಅವರು ಹುಟ್ಟಿದರು. ತಂದೆ ಫ್ರಾಂತಿಶೆಕ್ ಆ ಭಟ್ಟಿಯನ್ನು ಗುತ್ತಿಗೆಗೆ ಹಿಡಿದು ಬಿಯರ್ ತಯಾರಿಸುತ್ತಿದ್ದವರು, ಬಿಡುವಿನಲ್ಲಿ ಪಿಟೀಲು ನುಡಿಸುತ್ತಿದ್ದವರು. ಆ ಕಾಲಕ್ಕೆ ಬೊಹೆಮಿಯಾ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಜರ್ಮನ್, ಓದು ಜರ್ಮನ್‌ನಲ್ಲಿ, ಮೇಲ್ದರ್ಜೆಯವರ ಮಾತುಕತೆಯೂ ಜರ್ಮನ್‌ನಲ್ಲಿ. ಮುಂದೆ ‘ಚೆಕ್ ಸಂಗೀತದ ಪಿತಾಮಹ’ ಎನಿಸಿಕೊಂಡ ಈ ವ್ಯಕ್ತಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಫ್ರೀಡ್ರಿಖ್. ಮೂವತ್ತೈದು ದಾಟಿದ ಮೇಲೂ ಅವರು ದಿನಚರಿಯನ್ನು ಜರ್ಮನ್‌ನಲ್ಲೇ ಬರೆಯುತ್ತಿದ್ದರು. 1860ರಲ್ಲಿ ಗೆಳೆಯರೊಬ್ಬರಿಗೆ ಚೆಕ್ ಭಾಷೆಯಲ್ಲಿ ಪತ್ರ ಬರೆದಾಗ ಕಾಗುಣಿತ, ವ್ಯಾಕರಣಗಳ ತಪ್ಪನ್ನು ಮನ್ನಿಸಬೇಕೆಂದೂ, ಚಿಕ್ಕಂದಿನಿಂದ ಜರ್ಮನ್‌ನಲ್ಲೇ ಓದಿದ್ದರಿಂದ ತಾಯ್ನುಡಿಯನ್ನು ಸರಿಯಾಗಿ ಕಲಿಯುವ ಭಾಗ್ಯ ತಮಗೆ ದೊರೆಯಲಿಲ್ಲವೆಂದೂ ಕೇಳಿಕೊಂಡಿದ್ದಾರೆ. ಈ ಅಳುಕು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ನಮ್ಮಲ್ಲಿ ಹಲವರಿಗೆ ಹೊಸದೆನಿಸಲಾರದು.

ಆರನೆಯ ವಯಸ್ಸಿನಲ್ಲಿ, 1830ರಲ್ಲಿ, ಊರಿನ ಸಭೆಯೊಂದರಲ್ಲಿ ಪಿಯಾನೊ ನುಡಿಸಿ ಬಾಲಪ್ರತಿಭೆ ಎನಿಸಿಕೊಂಡರೂ ಶಾಲೆಯ ಓದು ಅವರಿಗೆ ಒಗ್ಗಲಿಲ್ಲ. 1840ರಲ್ಲಿ ಪ್ರಾಗ್‌ಗೆ ಬಂದ ಫ್ರಾನ್ಸ್ ಲಿಸ್ಟ್ ಅವರ ಪಿಯಾನೊ ಕಚೇರಿ ಕೇಳಿದ ಮೇಲಂತೂ ಬೇರೆ ದಾರಿಯ ಯೋಚನೆಯೇ ಉಳಿಯಲಿಲ್ಲ. ದೇವರ ದಯೆಯಿದ್ದರೆ ತಾನೊಂದು ದಿನ ಕೈಚಳಕದಲ್ಲಿ ಲಿಸ್ಟ್, ರಚನೆಯಲ್ಲಿ ಮೊಟ್ಸಾರ್ಟ್ ಆಗುವೆನೆಂದು 1845ರ ದಿನಚರಿಯಲ್ಲಿ ಆ ಯುವಕ ಬರೆದುಕೊಂಡ. ಅದೇ ಕಾಲದಲ್ಲಿ ಯೋಸೆಫ್ ಪ್ರೋಕ್ಷ್ ಎಂಬ ಗುರುಗಳ ಬಳಿ ಸಂಗೀತ ರಚನೆಯ ಶಾಸ್ತ್ರ ಕಲಿಯುತ್ತ, ಹೊಟ್ಟೆಪಾಡಿಗೆ ಶ್ರೀಮಂತರೊಬ್ಬರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 1848ರ ಜೂನ್‌ನಲ್ಲಿ ಪ್ರಾಗ್‌ನ ಬೀದಿಗಳಲ್ಲಿ ದಂಗೆಯೆದ್ದಾಗ ರಾಷ್ಟ್ರೀಯ ದಳಕ್ಕೂ ವಿದ್ಯಾರ್ಥಿಗಳ ದಳಕ್ಕೂ ಪಥಸಂಚಲನದ ಸಂಗೀತ ಬರೆದುಕೊಟ್ಟರು. ಆ ವರ್ಷವೇ ಲಿಸ್ಟ್‌ಗೆ ಪತ್ರ ಬರೆದು, ತಮ್ಮ ಆರು ಪಿಯಾನೊ ರಚನೆಗಳನ್ನು ಅರ್ಪಿಸಿ, ಸಂಗೀತಶಾಲೆ ತೆರೆಯಲು 400 ಗುಲ್ಡನ್ ಸಾಲ ಕೇಳಿದರು. ಲಿಸ್ಟ್ ಹಣ ಕಳುಹಿಸಲಿಲ್ಲ. ಆದರೆ ರಚನೆಗಳನ್ನು ಮೆಚ್ಚಿ ಬರೆದರು, ಅವು ಅಚ್ಚಾಗಲು ನೆರವಾದರು. ಆ ಸ್ನೇಹ ಕೊನೆಯವರೆಗೂ ಉಳಿಯಿತು.

1849ರಲ್ಲಿ ಅವರು ಮದುವೆಯಾದ ಕಾತೆರ್ಜಿನಾ ತಾನೂ ಪಿಯಾನೊ ಬಲ್ಲವಳು. ಅವರಿಗೆ ನಾಲ್ವರು ಹೆಣ್ಣುಮಕ್ಕಳು ಹುಟ್ಟಿ, 1854ರಿಂದ 1856ರ ನಡುವೆ ಮೂವರು ತೀರಿಹೋದರು. ಹಿರಿಯವಳಾದ ಬೆದ್ರಿಶ್ಕಾ ನಾಲ್ಕೂವರೆ ವರ್ಷಕ್ಕೇ ಹಾಡನ್ನು ಹಿಡಿಯುತ್ತಿದ್ದ ಕೂಸು. 1855ರಲ್ಲಿ ಸ್ಕಾರ್ಲೆಟ್ ಜ್ವರ ಅವಳನ್ನು ಒಯ್ದಿತು. ಅವಳ ನೆನಪಿಗಾಗಿ ಆ ವರ್ಷವೇ ಬರೆದ ಜಿ ಮೈನರ್ ಪಿಯಾನೊ ಟ್ರಿಯೊ (ಪಿಯಾನೊ, ಪಿಟೀಲು, ಚೆಲ್ಲೊಗಳ ಕೃತಿ) ಒಂಟಿ ಪಿಟೀಲಿನ ಕೆಳಸ್ವರಗಳಲ್ಲಿ ಆರಂಭವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಜವಾದ ಸ್ಮೆತನ ಹುಟ್ಟಿದ್ದು ಈ ಕೃತಿಯಲ್ಲಿ. ಪ್ರಾಗ್‌ನ ಮೊದಲ ಕೇಳುಗರಿಗೆ ಇದು ರುಚಿಸಲಿಲ್ಲ, ಲಿಸ್ಟ್‌ಗೆ ರುಚಿಸಿತು.

1856ರಲ್ಲಿ ಅವರು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರಕ್ಕೆ ಹೊರಟುಹೋದರು. ಅಲ್ಲಿ ಪಾಠ, ಕಚೇರಿ, ಗಾಯಕವೃಂದದ ನಿರ್ದೇಶನ ಎಲ್ಲವೂ ದೊರೆಯಿತು. ಆದರೆ ಕ್ಷಯದಿಂದ ಬಳಲುತ್ತಿದ್ದ ಹೆಂಡತಿಗೆ ಆ ಚಳಿ ಆಗಿಬರಲಿಲ್ಲ. 1859ರ ಏಪ್ರಿಲ್‌ನಲ್ಲಿ ತಾಯ್ನಾಡಿಗೆ ಹಿಂದಿರುಗುವ ದಾರಿಯಲ್ಲೇ, ಡ್ರೆಸ್ಡನ್‌ನಲ್ಲಿ, ಆಕೆ ತೀರಿಕೊಂಡಳು. ಮರುವರ್ಷ ಬೆತ್ತಿನಾ ಎಂಬಾಕೆಯನ್ನು ಮದುವೆಯಾಗಿ, 1861ರಲ್ಲಿ ಪ್ರಾಗ್‌ಗೆ ಮರಳಿದರು. ಆ ಹೊತ್ತಿಗೆ ವಿಯೆನ್ನಾದ ಬಿಗಿಮುಷ್ಟಿ ಸಡಿಲಗೊಂಡು ಚೆಕ್ ಭಾಷೆಯ ನಾಟಕ, ಪತ್ರಿಕೆ, ಸಂಘಗಳು ಚಿಗುರತೊಡಗಿದ್ದವು. 1862ರ ನವೆಂಬರ್ 18ರಂದು, ರಾಷ್ಟ್ರೀಯ ರಂಗಮಂದಿರ ಕಟ್ಟುವವರೆಗಿನ ಏರ್ಪಾಡಾಗಿ, ‘ತಾತ್ಕಾಲಿಕ ರಂಗಮಂದಿರ’ ಎಂಬ ಹೆಸರಿನಲ್ಲೇ ಪುಟ್ಟ ರಂಗಮಂದಿರವೊಂದು ತೆರೆಯಿತು. 1866ರಲ್ಲಿ ಅಲ್ಲಿನ ಆರ್ಕೆಸ್ಟ್ರಾದ ಮುಖ್ಯ ನಿರ್ದೇಶಕರಾದ ಸ್ಮೆತನರ ಕೈಕೆಳಗೆ ವಿಯೋಲ ನುಡಿಸುತ್ತಿದ್ದ ತರುಣರಲ್ಲಿ ದ್ವೋರ್ಜಾಕ್ ಕೂಡ ಒಬ್ಬರು.

ಅದೇ 1866ರ ಮೇ 30ರಂದು ‘ಮಾರಾಟವಾದ ಮದುಮಗಳು’ ಎಂದು ಕನ್ನಡದಲ್ಲಿ ಹೇಳಬಹುದಾದ ಹಾಸ್ಯ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ಮೊದಲ ಬಾರಿಗೆ ರಂಗಕ್ಕೆ ಬಂತು. ಪ್ರಷ್ಯಾದೊಡನೆ ಯುದ್ಧ ಇಂದೋ ನಾಳೆಯೋ ಎನ್ನುವಂತಿದ್ದ ಆ ಬೇಸಗೆಯಲ್ಲಿ ಜನ ಬರಲಿಲ್ಲ. ಸ್ಮೆತನ ಅದನ್ನು ಮತ್ತೆ ಮತ್ತೆ ತಿದ್ದಿ, ನೃತ್ಯಗಳನ್ನು ಸೇರಿಸಿ, 1870ರ ಸೆಪ್ಟೆಂಬರ್‌ನಲ್ಲಿ ಈಗ ನಾವು ಕೇಳುವ ರೂಪಕ್ಕೆ ತಂದರು. 1882ರ ಮೇ 5ರಂದು ಅದು ನೂರನೆಯ ಪ್ರದರ್ಶನ ಕಂಡಿತು. ಚೆಕ್ ಒಪೆರಾ ಒಂದು ನೂರು ಮುಟ್ಟಿದ್ದು ಅದೇ ಮೊದಲು. ಆ ಸಂಭ್ರಮದಲ್ಲಿ ಮಾತನಾಡಿದ ಅವರು, ಇದೊಂದು ಆಟಿಕೆಯಷ್ಟೇ, ತನಗೆ ಲಘುವಾದದ್ದನ್ನು ಬರೆಯಲು ಬಾರದೆಂದು ಆಡಿಕೊಂಡವರಿಗೆ ಉತ್ತರವಾಗಿ ಬರೆದದ್ದು ಎಂಬರ್ಥದ ಮಾತನ್ನಾಡಿ ಅಭಿಮಾನಿಗಳನ್ನು ಕಕ್ಕಾಬಿಕ್ಕಿ ಮಾಡಿದರು. ಆ ಮಾತಿನಲ್ಲಿ ಸ್ವಲ್ಪ ಬಿಂಕವಿತ್ತು, ಸ್ವಲ್ಪ ಕಹಿಯೂ ಇತ್ತು. ತಾವು ಹೆಚ್ಚು ಬೆಲೆಯದೆಂದು ನಂಬಿದ್ದ ‘ದಾಲಿಬೋರ್’ ಒಪೆರಾವನ್ನು ಜರ್ಮನ್ ಸಂಗೀತಗಾರ ವಾಗ್ನರ್‌ನ ಅನುಕರಣೆಯೆಂದು ಜರೆದದ್ದನ್ನು ಅವರು ಮರೆತಿರಲಿಲ್ಲ.

ಆ ‘ದಾಲಿಬೋರ್’ ಮೊದಲು ಪ್ರದರ್ಶನಗೊಂಡದ್ದೂ ಒಂದು ಹಬ್ಬದ ದಿನವೇ. 1868ರ ಮೇ 16ರಂದು, ಸಂತ ಯಾನ್ ನೆಪೊಮುಕ್ ಹಬ್ಬಕ್ಕೆ ಯಾತ್ರಿಕರಿಂದ ಪ್ರಾಗ್ ತುಂಬಿ ತುಳುಕುತ್ತಿರುವಾಗ, ರಾಷ್ಟ್ರೀಯ ರಂಗಮಂದಿರಕ್ಕೆ ಶಂಕುಸ್ಥಾಪನೆ ನಡೆಯಿತು. ಸುತ್ತಿಗೆಯಿಂದ ಕಲ್ಲು ಮುಟ್ಟಿದ ಗಣ್ಯರಲ್ಲಿ ಒಬ್ಬರಾಗಿದ್ದ ಸ್ಮೆತನ ಆಗ ಆಡಿದ ಮಾತು, ‘ಸಂಗೀತದಲ್ಲಿದೆ ಚೆಕ್ಕರ ಬದುಕು’, ಇಂದಿಗೂ ಅಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಮರುವರ್ಷ ಅವರು ‘ಲಿಬುಶೆ’ ಒಪೆರಾ ಬರೆಯತೊಡಗಿದರು. ಪ್ರಾಗ್ ನಗರದ ಉತ್ಕರ್ಷವನ್ನು ಮೊದಲೇ ಕಂಡು ನುಡಿದ ಪುರಾಣಕಾಲದ ರಾಣಿಯ ಕಥೆಯದು. ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಚೆಕ್ ರಾಜನಾಗಿ ಕಿರೀಟ ಧರಿಸುವ ಸಮಾರಂಭಕ್ಕೆಂದು ಮೊದಲು ಅದನ್ನು ಎಣಿಸಿದ್ದರು. ಆ ಕಿರೀಟಧಾರಣೆ ನಡೆಯಲೇ ಇಲ್ಲ. 1872ರಲ್ಲಿ ಬರೆದು ಮುಗಿಸಿದ ಸ್ಮೆತನ ಅದನ್ನು ರಂಗಕ್ಕೆ ಕೊಡದೆ, ರಾಷ್ಟ್ರೀಯ ರಂಗಮಂದಿರ ತೆರೆಯುವ ದಿನಕ್ಕೆಂದು ಎತ್ತಿಟ್ಟರು. ಇದು ದಿನನಿತ್ಯ ಆಡುವ ಒಪೆರಾ ಅಲ್ಲ, ಇಡೀ ಚೆಕ್ ಜನತೆಗೆ ಸಂಬಂಧಿಸಿದ ಹಬ್ಬಗಳಂದು ಮಾತ್ರ ಆಡತಕ್ಕದ್ದು ಎಂಬುದು ಅವರ ನಿಲುವು. ಒಂಬತ್ತು ವರ್ಷ ಆ ಸಂಗೀತ ಕಾಗದದ ಮೇಲೆಯೇ ಉಳಿಯಿತು, ಅಷ್ಟರಲ್ಲಿ ಅದನ್ನು ಕೇಳುವ ಕಿವಿಯೇ ಅವರಿಗೆ ಉಳಿಯಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. 1874ರ ಬೇಸಗೆಯಲ್ಲಿ ಗಂಟಲು ಕೆಟ್ಟು, ಕಿವಿ ಮುಚ್ಚಿದಂತಾಗಿ, ತಲೆಯೊಳಗೆ ಸಿಳ್ಳೆಯಂಥ ಸದ್ದು ಕೇಳಿಸತೊಡಗಿತು. ಅಕ್ಟೋಬರ್ 20ರ ಬೆಳಗ್ಗೆ ಎದ್ದಾಗ ಎರಡೂ ಕಿವಿಗಳು ಪೂರ್ತಿ ಕೇಳದಾಗಿದ್ದವು. ವಯಸ್ಸು ಐವತ್ತು. ವ್ಯೂರ್ಟ್ಸ್‌ಬರ್ಗ್, ವಿಯೆನ್ನಾಗಳ ಕಿವಿತಜ್ಞರಿಗೆ ತೋರಿಸಿದರೂ ಪ್ರಯೋಜನವಾಗಲಿಲ್ಲ. ಕಾಯಿಲೆ ಸಿಫಿಲಿಸ್ ಎಂಬುದು ಬಹುಪಾಲು ವೈದ್ಯರ ಅಭಿಪ್ರಾಯ. ಅದನ್ನು ಒಪ್ಪದವರೂ ಇದ್ದಾರೆ. ‘ವ್ಲ್ತವಾ’ವನ್ನು ಅವರು ಬರೆಯಲು ಕುಳಿತದ್ದು ನವೆಂಬರ್ 20ರಂದು, ಅಂದರೆ ಕಿವಿ ಹೋಗಿ ಸರಿಯಾಗಿ ಒಂದು ತಿಂಗಳಿಗೆ, ಮುಗಿಸಿದ್ದು ಡಿಸೆಂಬರ್ 8ರಂದು. ಹತ್ತೊಂಬತ್ತು ದಿನಗಳ ಕೆಲಸ. ಆದ್ದರಿಂದ ನೀವು ಓದಿದ್ದು ನಿಜ. ಆದರೆ ಆರು ಭಾಗಗಳ ‘ಮಾ ವ್ಲಾಸ್ತ್’, ಅಂದರೆ ‘ನನ್ನ ನಾಡು’, ಎಂಬ ಮಾಲೆಯನ್ನೆಲ್ಲ ಕಿವುಡಾದ ಮೇಲೆಯೇ ಕಲ್ಪಿಸಿದರೆಂದು ಕೆಲವರು ಬರೆಯುವುದು ಸರಿಯಲ್ಲ. ಮೊದಲ ಭಾಗವಾದ ‘ವಿಶೆಹ್ರಾದ್’ ಅನ್ನು ಕಿವಿ ಪೂರ್ತಿ ಹೋಗುವ ಮೊದಲೇ, ಸೆಪ್ಟೆಂಬರ್ ಕೊನೆಯಲ್ಲೇ ಆರಂಭಿಸಿದ್ದರು.

‘ವ್ಲ್ತವಾ’ವನ್ನು ಇನ್ನೊಮ್ಮೆ ಕೇಳುವಾಗ ಮೊದಲ ಒಂದು ನಿಮಿಷವನ್ನು ಗಮನವಿಟ್ಟು ಕೇಳಿ. ಒಂದೇ ಒಂದು ಫ್ಲೂಟ್ ತಡೆಯಿಲ್ಲದೆ ಸುರುಳಿ ಸುತ್ತುತ್ತದೆ. ಪಿಟೀಲಿನ ತಂತಿಗಳನ್ನು ಬೆರಳಿನಿಂದ ಮೀಟಿದ ಸದ್ದೂ ಹಾರ್ಪಿನ ಒಂದೊಂದು ಸ್ವರವೂ ನೀರಹನಿಗಳಂತೆ ಉದುರುತ್ತವೆ. ಸ್ವಲ್ಪದರಲ್ಲಿ ಎರಡನೆಯ ಫ್ಲೂಟ್ ಬಂದು ಕೂಡಿಕೊಳ್ಳುತ್ತದೆ. ಇದು ನದಿಯ ಒಂದು ಉಗಮ, ಬಳಿಕ ಬಂದು ಸೇರುವ ಕ್ಲಾರಿನೆಟ್‌ಗಳು ಇನ್ನೊಂದು. ಆ ಎರಡು ಉಗಮಗಳಲ್ಲಿ ಒಂದು ತಣ್ಣನೆಯದು, ಇನ್ನೊಂದು ಬೆಚ್ಚನೆಯದು. ಆಮೇಲೆ ಉಳಿದ ತಂತಿವಾದ್ಯಗಳು ಬಂದು ಸೇರಿ ಹರಿವು ಅಗಲವಾದ ಮೇಲಷ್ಟೇ, ಎಲ್ಲರಿಗೂ ಗೊತ್ತಿರುವ ಆ ರಾಗ ಪಿಟೀಲುಗಳಲ್ಲಿ ಏರುತ್ತದೆ. ಮುಂದೆ ಕಾಡಿನ ಬೇಟೆಯ ಕಹಳೆ, ದಡದ ಹಳ್ಳಿಯೊಂದರ ಮದುವೆಯ ಪೋಲ್ಕಾ ಕುಣಿತ, ಬೆಳದಿಂಗಳಲ್ಲಿ ಜಲಕನ್ಯೆಯರ ಆಟ, ಸಂತ ಯಾನ್ ಹೆಸರಿನ ಭೋರ್ಗರೆವ ಸೆಳವು ಇವನ್ನೆಲ್ಲ ದಾಟಿ ನದಿ ಪ್ರಾಗ್ ಹೊಗುವಾಗ ಹಳೆಯ ಕೋಟೆ ವಿಶೆಹ್ರಾದ್‌ನ ಸ್ವರಗಳು ಎದ್ದು ನಿಲ್ಲುತ್ತವೆ. ಆ ರಾಗ ಸ್ಮೆತನರ ಸ್ವಂತ ಸೊತ್ತೇ ಎಂದು ಕೇಳಿದರೆ, ಅದೇ ಜಾಡಿನ ಧಾಟಿಗಳು ಸ್ವೀಡನ್ ಸೇರಿದಂತೆ ಯೂರೋಪಿನ ಹಲವು ಜನಪದ ಹಾಡುಗಳಲ್ಲಿವೆ, ಇಸ್ರೇಲಿನ ರಾಷ್ಟ್ರಗೀತೆಯೂ ಅದೇ ಬಳಗದ್ದು ಎಂದು ಹೇಳಬೇಕಾಗುತ್ತದೆ. ಅದರಿಂದ ಕೃತಿಯ ಬೆಲೆಯೇನೂ ಕಡಿಮೆಯಾಗದು.

ಕಿವಿಯೊಂದಿಗೆ ಕೆಲಸವೂ ಹೋಯಿತು. ಒಪೆರಾಗಳ ಹಕ್ಕನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ರಂಗಮಂದಿರದಿಂದ ವರ್ಷಕ್ಕೆ 1,200 ಗುಲ್ಡನ್ ಗೊತ್ತಾಗಿತ್ತಾದರೂ ಅದು ಸರಿಯಾಗಿ ಕೈಸೇರುತ್ತಿರಲಿಲ್ಲ. 1876ರಲ್ಲಿ ಪ್ರಾಗ್ ಬಿಟ್ಟು, ಅರಣ್ಯಾಧಿಕಾರಿಯನ್ನು ಮದುವೆಯಾಗಿದ್ದ ಮಗಳು ಜೋಫಿಯ ಮನೆ ಸೇರಿದರು. ಯಾಬ್ಕೆನಿತ್ಸೆ ಎಂಬ ಹಳ್ಳಿಯ ಆ ಕಾಡಂಚಿನ ಮನೆಯಲ್ಲಿ, ಆ ವರ್ಷದ ಕೊನೆಗೆ, ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊಗಳಿಗಾಗಿ ‘ನನ್ನ ಬದುಕಿನಿಂದ’ ಎಂಬ ಕ್ವಾರ್ಟೆಟ್ ಬರೆದರು. ಹರೆಯದ ಕಲೆಯ ಹುಚ್ಚು, ಕುಣಿತದ ದಿನಗಳು, ಮೊದಲ ಹೆಂಡತಿಯ ಮೇಲಿನ ಒಲವು, ತನ್ನ ನಾಡಿನ ಸಂಗೀತದ ದಾರಿ ಕಂಡುಕೊಂಡ ಹಿಗ್ಗು ಎಂದು ನಾಲ್ಕು ಭಾಗಗಳು. ನಾಲ್ಕನೆಯದರಲ್ಲಿ ಕುಣಿತ ಭರದಿಂದ ಸಾಗಿರುವಾಗ ಎಲ್ಲವೂ ಥಟ್ಟನೆ ನಿಲ್ಲುತ್ತದೆ. ಕೆಳಗಿನ ತಂತಿಗಳು ನಡುಗುತ್ತವೆ. ಮೇಲೆ ಮೊದಲ ಪಿಟೀಲು ಸೂಜಿಯಂಥ ಒಂದೇ ಸ್ವರವನ್ನು ಹಿಡಿದು ಬಿಡದೆ ಎಳೆಯುತ್ತದೆ. ಅದು ಅವರ ತಲೆಯೊಳಗೆ ಕೇಳಿಸುತ್ತಿದ್ದ ಸಿಳ್ಳೆ. ಬಳಿಕ ಹಳೆಯ ರಾಗಗಳು ಒಂದೆರಡು ಸಲ ಇಣುಕಿ ನಂದಿಹೋಗುತ್ತವೆ. 1878ರಲ್ಲಿ ಗೆಳೆಯರ ಮನೆಯಲ್ಲಿ ಇದನ್ನು ಮೊದಲು ನುಡಿಸಿದಾಗ ವಿಯೋಲ ಹಿಡಿದವರು ದ್ವೋರ್ಜಾಕ್. ಆ ಬರೆದ ಕೈ ಕಿವಿ ಕಳೆದುಕೊಂಡ ಮೇಲೆ ಇನ್ನೂ ಮೂರು ಒಪೆರಾಗಳನ್ನು ಮುಗಿಸಿತು ಎಂಬುದನ್ನು ನಂಬುವುದು ಕಷ್ಟ.

‘ಲಿಬುಶೆ’ಯ ದಿನ ಕೊನೆಗೂ ಬಂತು. 1881ರ ಜೂನ್ 11ರಂದು, ಯುವರಾಜ ರುಡಾಲ್ಫ್ ಬಂದ ಸಂದರ್ಭದಲ್ಲಿ, ಪೂರ್ತಿ ಮುಗಿಯದ ರಂಗಮಂದಿರವನ್ನೇ ತೆರೆದು ಅದನ್ನು ಆಡಿದರು. ತಮ್ಮ ಸಂಗೀತದ ಒಂದು ಸ್ವರವೂ ಕೇಳಿಸದೆ ಸ್ಮೆತನ ಅಲ್ಲಿ ಕುಳಿತಿದ್ದರು. ಎರಡು ತಿಂಗಳು ಕಳೆದ ಮೇಲೆ, ಆಗಸ್ಟ್ 12ರಂದು, ಬೆಂಕಿ ಬಿದ್ದು ಕಟ್ಟಡ ಸುಟ್ಟುಹೋಯಿತು. ಊರೂರುಗಳಲ್ಲಿ ಚಂದಾ ಎತ್ತಿದ ಜನ 47 ದಿನಗಳಲ್ಲಿ ಹತ್ತು ಲಕ್ಷ ಗುಲ್ಡನ್ ಕೂಡಿಸಿದರು. 1883ರ ನವೆಂಬರ್ 18ರಂದು ರಂಗಮಂದಿರ ಮತ್ತೆ ತೆರೆದದ್ದು ‘ಲಿಬುಶೆ’ಯಿಂದಲೇ. ತಾತ್ಕಾಲಿಕ ರಂಗಮಂದಿರ ಬಾಗಿಲು ತೆರೆದದ್ದೂ ಅದೇ ನವೆಂಬರ್ 18ರಂದು ಎಂಬುದನ್ನು ನೀವು ಗಮನಿಸಿರಬಹುದು. ಇಂದು ಚೆಕ್ ರಾಷ್ಟ್ರಾಧ್ಯಕ್ಷರು ಸಭೆಗೆ ಬರುವಾಗ ಮೊಳಗುವ ಕಹಳೆ ಆ ಒಪೆರಾದ್ದು.

1884ರ ಮಾರ್ಚ್‌ನಲ್ಲಿ ಅವರ ಷಷ್ಟ್ಯಬ್ದಿಯನ್ನು ಪ್ರಾಗ್ ವೈಭವದಿಂದ ಆಚರಿಸಿತು, ಆದರೆ ಅಲ್ಲಿಗೆ ಬರುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬುದ್ಧಿ ಕದಡಿಹೋಗಿ, ಏಪ್ರಿಲ್ 23ರಂದು ಅವರನ್ನು ಪ್ರಾಗ್‌ನ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೇ 12ರಂದು ಅಲ್ಲಿಯೇ ಕೊನೆಯುಸಿರೆಳೆದರು. 15ರಂದು ತೀನ್ ಚರ್ಚಿನಿಂದ ಹೊರಟ ಮೆರವಣಿಗೆಯಲ್ಲಿ, ಅವರೇ ಹಿಂದೆ ನಡೆಸಿದ್ದ ಹ್ಲಾಹೋಲ್ ಗಾಯಕವೃಂದದವರು ಪಂಜು ಹಿಡಿದು ನಡೆದರು. ‘ನನ್ನ ನಾಡು’ ಮಾಲೆ ಆರಂಭವಾಗುವ ಅದೇ ವಿಶೆಹ್ರಾದ್‌ನಲ್ಲಿ ಅವರ ಸಮಾಧಿಯಾಯಿತು. ಅಂದು ಸಂಜೆ ರಾಷ್ಟ್ರೀಯ ರಂಗಮಂದಿರದಲ್ಲಿ ಮೊದಲೇ ಗೊತ್ತಾಗಿದ್ದ ‘ಮಾರಾಟವಾದ ಮದುಮಗಳು’ ಪ್ರದರ್ಶನವನ್ನು ರದ್ದುಮಾಡಲಿಲ್ಲ. ರಂಗಕ್ಕೆ ಕಪ್ಪುಬಟ್ಟೆ ಹೊದಿಸಿ ನಡೆಸಿದರು.

‘ಪ್ರಾಗ್ ವಸಂತ’ ಉತ್ಸವ ಹುಟ್ಟಿದ್ದು ಸ್ಮೆತನರಿಗಾಗಿ ಅಲ್ಲ. 1896ರ ಜನವರಿ 4ರಂದು ದ್ವೋರ್ಜಾಕ್ ನಿರ್ದೇಶನದಲ್ಲಿ ಮೊದಲ ಕಚೇರಿ ಕೊಟ್ಟ ಚೆಕ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾಕ್ಕೆ 50 ತುಂಬಿದ ನೆಪದಲ್ಲಿ, ಯುದ್ಧ ಮುಗಿದ ಮರುವರ್ಷ, 1946ರ ಮೇ ತಿಂಗಳಲ್ಲಿ, ರಫಾಯೆಲ್ ಕುಬೆಲಿಕ್ ಮತ್ತಿತರರು ಅದನ್ನು ಆರಂಭಿಸಿದರು. ಮೇ 12ರಂದೇ ‘ನನ್ನ ನಾಡು’ ನುಡಿಸಿ ಆರಂಭಿಸುವುದು 1952ರಿಂದ ನಡೆದುಬಂದ ಪದ್ಧತಿ. ಅವರ ಹುಟ್ಟಿದ ದಿನ ಮಾರ್ಚ್ ಆರಂಭದ ಚಳಿಯಲ್ಲಿ ಬೀಳುತ್ತದೆ. ತೀರಿಕೊಂಡ ದಿನವೋ ನಗರ ಹೂಬಿಟ್ಟು ನಿಲ್ಲುವ ವಸಂತದಲ್ಲಿ, ಉತ್ಸವದ ತಿಂಗಳಿನಲ್ಲೇ ಬರುತ್ತದೆ. ವಿಶೆಹ್ರಾದ್‌ನ ಸಮಾಧಿಗೆ ಹೂವಿಟ್ಟು ನಮಿಸಿದ ಮೇಲೆಯೇ ಸಂಜೆಯ ಕಚೇರಿ. ನಾವು ಪುರಂದರದಾಸರ ಆರಾಧನೆಯನ್ನು ತಿಥಿಯ ಲೆಕ್ಕದಲ್ಲಿ ಮಾಡುವುದರಿಂದ ತಾರೀಖು ಹಿಂದುಮುಂದಾಗುತ್ತದೆ. ಪ್ರಾಗ್‌ನಲ್ಲಿ ಮೇ 12 ಎಂದರೆ ಮೇ 12, ಕದಲುವುದಿಲ್ಲ.

ಆದರೆ ಆ ಕೃತಿಗೆ ಇಂಥ ಭಾರ ಬಂದದ್ದು ಉತ್ಸವಕ್ಕಿಂತ ಮೊದಲೇ. 1939ರ ಮಾರ್ಚ್‌ನಲ್ಲಿ ನಾಜಿ ಸೇನೆ ಪ್ರಾಗ್ ಹೊಕ್ಕಿತು. ಆ ಜೂನ್‌ನಲ್ಲಿ ರಾಷ್ಟ್ರೀಯ ರಂಗಮಂದಿರದಲ್ಲಿ ವಾತ್ಸ್‌ಲಾವ್ ತಾಲಿಖ್ ‘ನನ್ನ ನಾಡು’ ನಡೆಸಿಕೊಟ್ಟರು. ನಾಡಿಗೆ ಕೇಡು ಬಂದಾಗ ಬೆಟ್ಟದೊಳಗೆ ಮಲಗಿರುವ ವೀರರು ಎದ್ದುಬರುತ್ತಾರೆಂಬ ಐತಿಹ್ಯದ ಮೇಲೆ ಹೆಣೆದ ಕೊನೆಯ ಭಾಗ ‘ಬ್ಲಾನಿಕ್’ ಮುಗಿದಾಗ ಸಭಿಕರು ತಾವಾಗಿಯೇ ರಾಷ್ಟ್ರಗೀತೆ ಹಾಡತೊಡಗಿದರು. ಆ ಸಂಜೆಯ ಧ್ವನಿಮುದ್ರಣ ಉಳಿದಿದೆ, ಆ ಹಾಡೂ ಅದರಲ್ಲಿದೆ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ದೇಶ ಬಿಟ್ಟ ಕುಬೆಲಿಕ್, ನಾಲ್ಕು ದಶಕಗಳ ಬಳಿಕ ಹಿಂದಿರುಗಿ 1990ರ ಮೇ 12ರಂದು ತಮ್ಮದೇ ಹಳೆಯ ಆರ್ಕೆಸ್ಟ್ರಾದ ಮುಂದೆ ನಿಂತು ಇದೇ ಕೃತಿಯನ್ನು ನಡೆಸಿಕೊಟ್ಟರು. ಅವರ ಮರಳುವಿಕೆಗೆ ದಾರಿ ಮಾಡಿದ ಕ್ರಾಂತಿಯೂ ವಾರ್ಷಿಕ ದಿನಾಚರಣೆಯೊಂದರಿಂದಲೇ ಹೊತ್ತಿಕೊಂಡಿತ್ತು. 1939ರ ನವೆಂಬರ್ 17ರಂದು ನಾಜಿಗಳು ಒಂಬತ್ತು ಮಂದಿಯನ್ನು ಗುಂಡಿಟ್ಟು ಕೊಂದು ಚೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿದ್ದರು. ಅದಕ್ಕೆ ಐವತ್ತು ವರ್ಷ ತುಂಬಿದ 1989ರ ನವೆಂಬರ್ 17ರಂದು ವಿದ್ಯಾರ್ಥಿಗಳು ಅನುಮತಿ ಪಡೆದು ಮೆರವಣಿಗೆ ಹೊರಟರು. ಅದು ಮುಗಿಯಬೇಕಾಗಿದ್ದ ಜಾಗ ವಿಶೆಹ್ರಾದ್. ಅಲ್ಲಿ ಮೊಂಬತ್ತಿ ಹಚ್ಚಿದವರು ಮನೆಗೆ ಹೋಗದೆ, ವ್ಲ್ತವಾ ದಂಡೆ ಹಿಡಿದು ನಡೆದು, ರಾಷ್ಟ್ರೀಯ ರಂಗಮಂದಿರದ ಬಳಿ ತಿರುಗಿದರು. ಮುಂದಿನ ಬೀದಿಯಲ್ಲಿ ಪೊಲೀಸರು ಅವರನ್ನು ಅಡ್ಡಗಟ್ಟಿ ಹೊಡೆದರು. ಕೆಲವೇ ವಾರಗಳಲ್ಲಿ ಸರ್ಕಾರ ಉರುಳಿತು. ಮೆರವಣಿಗೆಯ ದಾರಿಯನ್ನು ಸ್ಮೆತನರಿಗಾಗಿ ಯಾರೂ ಆರಿಸಿರಲಿಲ್ಲ. ಆದರೂ ಅದು ಅವರ ಸಮಾಧಿಯಿಂದ ಅವರ ರಂಗಮಂದಿರಕ್ಕೆ, ಅವರ ನದಿಯ ದಂಡೆಯಲ್ಲೇ ಸಾಗಿತ್ತು.

ಆಚರಣೆಗಳ ಇನ್ನೊಂದು ಮುಖವನ್ನೂ ಹೇಳಬೇಕು. ಲಿತೋಮಿಶ್ಲ್‌ನವರೇ ಆದ ಜ್ದೆನೆಕ್ ನೆಯೆದ್ಲಿ ಎಂಬ ವಿದ್ವಾಂಸರು ಸ್ಮೆತನರ ಮಹಾಭಕ್ತರು. ದ್ವೋರ್ಜಾಕ್‌ರನ್ನು ಬಹಳ ಕೆಳಗಿಟ್ಟು ನೋಡಿದವರು. 1948ರ ನಂತರ ಕಮ್ಯುನಿಸ್ಟ್ ಸರ್ಕಾರದಲ್ಲಿ ಅವರು ಮಂತ್ರಿಯಾದಾಗ ಸ್ಮೆತನ ಸರ್ಕಾರಿ ದೇವರಾದರು. ಅಂದರೆ ನಾಜಿಗಳ ವಿರುದ್ಧ ಹಾಡಾದ ಸಂಗೀತವೇ ಇನ್ನೊಂದು ದಬ್ಬಾಳಿಕೆಗೆ ಅಲಂಕಾರವೂ ಆಯಿತು. ಹಬ್ಬದ ದಿನಗಳ ಸ್ಮೆತನ ಯಾವಾಗಲೂ ಕೋಟೆ, ನದಿ, ವೀರರ ಸ್ಮೆತನ. ಮೂವರು ಮಕ್ಕಳನ್ನು ಮಣ್ಣುಮಾಡಿದ, ತಾಯ್ನುಡಿಯ ಕಾಗುಣಿತಕ್ಕೆ ಅಂಜಿದ, ತಲೆಯೊಳಗಿನ ಸಿಳ್ಳೆಯನ್ನು ಪಿಟೀಲಿಗೆ ಬರೆದ ಮನುಷ್ಯನಿಗೆ ಆ ಪಂಚಾಂಗದಲ್ಲಿ ಜಾಗ ಕಡಿಮೆ. ಅಕ್ಟೋಬರ್ 20ಕ್ಕೆ ಯಾವ ಉತ್ಸವವೂ ಇಲ್ಲ.

ಎಲ್ಲಿಂದ ಕೇಳಬೇಕೆಂದು ಕೇಳಿದ್ದೀರಿ. ‘ವ್ಲ್ತವಾ’ ನಿಮಗೆ ಹಿಡಿಸಿರುವುದರಿಂದ ಅದರ ಹಿಂದಿನ ‘ವಿಶೆಹ್ರಾದ್’ ಅನ್ನು ಮೊದಲು ಕೇಳಿ, ನಿಲ್ಲಿಸದೆ ಮತ್ತೆ ‘ವ್ಲ್ತವಾ’ಕ್ಕೆ ಬನ್ನಿ; ಆಗ ನದಿ ಕೊನೆಯಲ್ಲಿ ಯಾರನ್ನು ಕಂಡು ತಲೆಬಾಗುತ್ತದೆಂದು ತಿಳಿಯುತ್ತದೆ. 1990ರ ಕುಬೆಲಿಕ್ ಕಚೇರಿಯ ಧ್ವನಿಮುದ್ರಣ ಸಿಕ್ಕುತ್ತದೆ, ಅದನ್ನೇ ಆರಿಸಿಕೊಳ್ಳಬಹುದು. ಮಾಲೆಯ ಉಳಿದ ನಾಲ್ಕು ಭಾಗಗಳಿಗೆ ಅವಸರ ಬೇಡ. ‘ತಾಬೋರ್’ ಮತ್ತು ‘ಬ್ಲಾನಿಕ್’ಗಳು ಹದಿನೈದನೆಯ ಶತಮಾನದ ಚೆಕ್ ಧರ್ಮಸುಧಾರಕರಾದ ಹುಸ್ಸೈಟರ ಹಳೆಯ ಯುದ್ಧಗೀತೆಯೊಂದರ ಮೇಲೆ ನಿಂತಿರುವುದರಿಂದ ಹಿನ್ನೆಲೆ ತಿಳಿಯದವರಿಗೆ ಮೊದಲ ಸಲ ಭಾರವೆನಿಸುತ್ತವೆ. ‘ಮಾರಾಟವಾದ ಮದುಮಗಳು’ ಒಪೆರಾದ ಆರಂಭಸಂಗೀತ ಏಳು ನಿಮಿಷಕ್ಕಿಂತ ಕಡಿಮೆಯದು. ಪಿಟೀಲುಗಳು ಒಂದರ ಬೆನ್ನಿಗೊಂದು ಪಿಸುಗುಟ್ಟುತ್ತ ಓಡುವುದನ್ನು ಕೇಳಿದರೆ ಅದು ‘ಆಟಿಕೆ’ ಎಂದವರ ಮಾತನ್ನು ನೀವೂ ನಂಬಲಾರಿರಿ. ಆ ಬಳಿಕ ಒಂದು ರಾತ್ರಿ, ಬೇರೆ ಸದ್ದಿಲ್ಲದ ಹೊತ್ತಿನಲ್ಲಿ, ಕ್ವಾರ್ಟೆಟ್ ಕೇಳಿ. ಸುಮಾರು ಅರ್ಧ ಗಂಟೆಯ ಕೃತಿಯದು. ಧ್ವನಿಯನ್ನು ತೀರ ತಗ್ಗಿಸಬೇಡಿ, ಕೊನೆಯ ಭಾಗದ ಆ ಒಂದು ಸ್ವರ ಕಿವಿಗೆ ಸ್ವಲ್ಪ ಚುಚ್ಚಬೇಕು.